ನಾಲ್ಕು ನಾಯಿ, ನಾಲ್ಕು ಬೇಲಿ, ಒಂದು ಚೆಂಡಿನ ಪೆಟ್ಟಿಗೆ: ಹುಬ್ಬಳ್ಳಿ-ಧಾರವಾಡದಲ್ಲಿ ಫ್ಲೈಬಾಲ್ ಆಡಿಸೋರು ಯಾರಾದ್ರೂ ಇದ್ದೀರಾ?

ಚಿಗರಿ_ಅವ್ವ (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಒಂದು ನಾಯಿ ಇದೆ, ಹೆಸರು ಚಿಗರಿ. ಎರಡು ವರ್ಷದ ಹಿಂದೆ ಉಣಕಲ್ ಹತ್ತಿರ, ಚಿಗರಿ ಅನ್ನುವ ನಗರ ಬಸ್ಸಿನ ದಾರಿ ಪಕ್ಕ ಸಿಕ್ಕ ಮರಿ. ಬಸ್ಸು ನೋಡಿ ಇಟ್ಟ ಹೆಸರು ಅಂತ ಮಗ ಹೇಳುತ್ತಾನೆ. ಚಿಗರಿ ಅಂದರೆ ಜಿಂಕೆ, ಓಡೋದು ನೋಡಿ ಇಟ್ಟದ್ದು ಅಂತ ನನ್ನ ವಾದ. ಅಪ್ಪಟ ಬೀದಿ ನಾಯಿ. 16 ಕಿಲೋ, ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋಲು.

ತಾಪತ್ರಯ ಏನಂದ್ರೆ ಚೆಂಡು. ಓಣಿಯ ಹುಡುಗರು ಕ್ರಿಕೆಟ್ ಆಡುವಾಗ ಚಿಗರಿಯೇ ಹನ್ನೊಂದೂ ಜನ ಫೀಲ್ಡರ್. ಚೆಂಡು ಬಾಯಲ್ಲಿ ಹಿಡಿದು ಸೀದಾ ನನ್ನ ಹತ್ತಿರ ಬರುತ್ತದೆ, ಬೌಲರ್ ಹತ್ತಿರ ಅಲ್ಲ. ಈಗ ಹುಡುಗರು ಆಟ ಶುರು ಮಾಡುವ ಮೊದಲು ಗೇಟ್ ಹತ್ತಿರ ಬಂದು "ಆಂಟಿ, ಚಿಗರಿನ್ನ ಕಟ್ಟಿರೇನ್ರಿ?" ಅಂತ ಕೇಳುತ್ತಾರೆ. ಕಟ್ಟಿ ಹಾಕಿದರೆ ಸಂಜೆಯೆಲ್ಲ ಅಳು. ಬೆಳಿಗ್ಗೆ ಒಂದು ತಾಸು ವಾಕಿಂಗ್ ಮಾಡಿಸಿದರೂ ಸುಸ್ತಾಗುವುದು ನಾನು, ಅದಲ್ಲ.

ಹೋದ ವಾರ ಮಗ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದ. ಬೇರೆ ದೇಶದ್ದು. ನಾಯಿಗಳು ಒಂದರ ಹಿಂದೆ ಒಂದು ಓಡಿ, ಬೇಲಿ ಹಾರಿ, ಒಂದು ಪೆಟ್ಟಿಗೆಯನ್ನು ಒದ್ದು, ಅದರಿಂದ ಹಾರುವ ಚೆಂಡು ಕಚ್ಚಿಕೊಂಡು ವಾಪಸ್ ಬರುತ್ತವೆ. ನಮ್ಮ ರಿಲೇ ಓಟದ ಹಾಗೆಯೇ, ಕೋಲು ಮಾತ್ರ ಇಲ್ಲ. ಫ್ಲೈಬಾಲ್ ಅಂತ ಹೆಸರಂತೆ. ನೋಡಿದ ಕೂಡಲೇ ಇದು ನಮ್ಮ ಚಿಗರಿಗೇ ಮಾಡಿದ ಆಟ ಅನ್ನಿಸಿತು.

ಬೀದಿ ನಾಯಿಗೆ ಇದು ಆಗುತ್ತದಾ, ಅಥವಾ ಜಾತಿ ನಾಯಿಗಳಿಗೆ ಮಾತ್ರನಾ? ಪೆಟ್ಟಿಗೆ ಎಲ್ಲಿ ಸಿಗುತ್ತದೆ? ನಮ್ಮ ಅವಳಿ ನಗರದಲ್ಲಿ ಯಾರಾದರೂ ಆಡಿಸುತ್ತೀರಾ? ಪಕ್ಕದ ಮನೆಯವರ ಹತ್ತಿರ ಒಂದು ಮುಧೋಳ ತಳಿಯ ನಾಯಿ ಇದೆ, ಅವರೂ ಬರುತ್ತೇವೆ ಅಂತಾರೆ. ನನಗೆ ನಾಯಿ ಸಾಕಿ ಗೊತ್ತೇ ಹೊರತು ಟ್ರೇನಿಂಗ್ ಗೀನಿಂಗ್ ಗೊತ್ತಿಲ್ಲ. ಸಣ್ಣ ಮಕ್ಕಳಿಗೆ ಹೇಳಿದ ಹಾಗೆ ಹೇಳಿ.

ಕೇಶ್ವಾಪುರ_ಕಟ್ಟೆ (ಹುಬ್ಬಳ್ಳಿ)

ನಮ್ಮ ಲ್ಯಾಬ್ರಡಾರ್‌ಗೆ ಈ ವಿಡಿಯೋ ತೋರಿಸಿದೆ. ನೋಡಿ, ಆಕಳಿಸಿ, ಮಗ್ಗಲು ಬದಲಿಸಿ ಮಲಗಿತು. ಪೆಟ್ಟಿಗೆಯಿಂದ ಚೆಂಡಿನ ಬದಲು ಪೇಢೆ ಹಾರುವ ಹಾಗಿದ್ದರೆ ಹೇಳಿ, ತಂಡದ ಕ್ಯಾಪ್ಟನ್ ಆಗುತ್ತದೆ.

ಸಪ್ತಾಪುರದವ (ಧಾರವಾಡ)

ಅಕ್ಕಾವರೇ, ಇದ್ದೇವೆ. ಆದರೆ "ಆಡಿಸುತ್ತೇವೆ" ಅಂದರೆ ಸುಳ್ಳಾಗುತ್ತದೆ. ಆಡಿಸಲು ಒದ್ದಾಡುತ್ತಿದ್ದೇವೆ ಅನ್ನಿ. ಸ್ವಲ್ಪ ಉದ್ದ ಬರೆಯುತ್ತೇನೆ. ಚಹಾ ಇಟ್ಟುಕೊಂಡು ಕೂರಿ.

ನಾನು ನರ್ಸ್. ಆರು ವರ್ಷ ಇಂಗ್ಲೆಂಡಿನಲ್ಲಿ ಬರ್ಮಿಂಗ್‌ಹ್ಯಾಮ್ ಕಡೆ ಕೆಲಸ ಮಾಡಿದೆ. ಬಾಡಿಗೆ ಮನೆಯ ಯಜಮಾನಿಗೆ ಫ್ಲೈಬಾಲ್ ಹುಚ್ಚು. ರಜೆ ಸಿಕ್ಕ ಭಾನುವಾರಗಳಲ್ಲಿ ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದರು. ನನ್ನದು ಪೆಟ್ಟಿಗೆಯ ಹಿಂದೆ ನಿಂತು ಚೆಂಡು ತುಂಬುವ ಕೆಲಸ. ಸುಮ್ನೆ ತಮಾಷೆಗೆ ಹೇಳುತ್ತಿಲ್ಲ, ಪ್ರತಿ ತಂಡಕ್ಕೂ ಅಂಥ ಒಬ್ಬ ಬೇಕೇ ಬೇಕು. ಅಲ್ಲಿ ಕ್ರಫ್ಟ್ಸ್ ಅಂತ ದೊಡ್ಡ ನಾಯಿ ಜಾತ್ರೆ ನಡೆಯುತ್ತದೆ. 1990ರಿಂದ ಅದರಲ್ಲಿ ಫ್ಲೈಬಾಲ್ ಕೂಡ ಇದೆ. ಒಂದು ಸಲ ಹೋಗಿ ನೋಡಿದ್ದೆ. ನಾಯಿಗಳ ಗದ್ದಲಕ್ಕೆ ಎರಡು ದಿನ ಕಿವಿ ಗುಂಯ್ ಅನ್ನುತ್ತಿತ್ತು.

ಆಟ ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಹರ್ಬರ್ಟ್ ವ್ಯಾಗ್ನರ್ ಅನ್ನುವವರು ಚೆಂಡು ಹಾರಿಸುವ ಪೆಟ್ಟಿಗೆ ಮಾಡಿ, ಜಾನಿ ಕಾರ್ಸನ್ ಅವರ ಟೀವಿ ಕಾರ್ಯಕ್ರಮದಲ್ಲಿ ತೋರಿಸಿದರು. ಆಮೇಲೆ 1984ರಲ್ಲಿ ಅಮೆರಿಕದ ಮಿಷಿಗನ್, ಕೆನಡಾದ ಒಂಟಾರಿಯೋ ಕಡೆಯ ತಂಡಗಳು ಸೇರಿ ನಾಫಾ ಅಂತ ಸಂಘ ಕಟ್ಟಿಕೊಂಡವು. ಇತಿಹಾಸ ಇಷ್ಟು ಸಾಕು.

ಅಂಕಣದ ಲೆಕ್ಕ ಹೀಗೆ. ಓಟ ಶುರುವಾಗುವ ಗೆರೆಯಿಂದ ಪೆಟ್ಟಿಗೆಗೆ 51 ಅಡಿ. ಗೆರೆಯಿಂದ ಮೊದಲ ಬೇಲಿಗೆ 6 ಅಡಿ, ಅಲ್ಲಿಂದ ಹತ್ತತ್ತು ಅಡಿಗೆ ಇನ್ನೂ ಮೂರು ಬೇಲಿ, ಕೊನೆಯ ಬೇಲಿಯಿಂದ ಪೆಟ್ಟಿಗೆಗೆ 15 ಅಡಿ. ನಾಯಿ ಹೋಗುವಾಗ ನಾಲ್ಕು ಹಾರುತ್ತದೆ, ಚೆಂಡು ಕಚ್ಚಿಕೊಂಡು ಬರುವಾಗ ಮತ್ತೆ ನಾಲ್ಕು. ಅದು ಗೆರೆ ಮುಟ್ಟಿದ ಮೇಲೆ ಮುಂದಿನ ನಾಯಿ ಗೆರೆ ದಾಟಬೇಕು. ಮೊದಲೇ ದಾಟಿದರೆ, ಚೆಂಡು ಬೀಳಿಸಿದರೆ, ಬೇಲಿ ತಪ್ಪಿಸಿದರೆ, ಆ ನಾಯಿ ಕೊನೆಯಲ್ಲಿ ಇನ್ನೊಮ್ಮೆ ಓಡಬೇಕು. ನಾಲ್ಕು ನಾಯಿ ಸೇರಿ 408 ಅಡಿ ಓಟ, 32 ನೆಗೆತ. ಚಲೋ ತಂಡಗಳು ಇದನ್ನು 15 ಸೆಕೆಂಡಿನ ಒಳಗೆ ಮುಗಿಸುತ್ತವೆ. ನಮ್ಮ ತಂಡದ ದಾಖಲೆ 1 ನಿಮಿಷ 52 ಸೆಕೆಂಡು. ಅದರಲ್ಲಿ ಒಂದು ನಾಯಿ ನಡುವೆ ನಿಂತು ಕಾಲೆತ್ತಿದ ಸಮಯವೂ ಸೇರಿದೆ.

ಈಗ ನಿಮ್ಮ ಪ್ರಶ್ನೆ. ಬೀದಿ ನಾಯಿ ಧಾರಾಳವಾಗಿ ಆಗುತ್ತದೆ. ಅಲ್ಲಿನ ಪಂದ್ಯಗಳಲ್ಲೂ ಜಾತಿ ಕೇಳುವುದಿಲ್ಲ, ಬೆರಕೆ ನಾಯಿಗಳು ಎಷ್ಟೋ ಓಡುತ್ತವೆ. ಬಾರ್ಡರ್ ಕಾಲಿ ತಳಿಯ ನಾಯಿಗಳದ್ದೇ ಅಲ್ಲಿ ದರ್ಬಾರು ನಿಜ, ಆದರೆ ಸಣ್ಣ ನಾಯಿಗೂ ಭಾಳ ಕಿಮ್ಮತ್ತು. ಯಾಕಂದ್ರೆ ಬೇಲಿಯ ಎತ್ತರ ತಂಡದ ಅತಿ ಗಿಡ್ಡ ನಾಯಿಯ ಅಳತೆಗೆ ಇಡುತ್ತಾರೆ. ನಾಫಾ ನಿಯಮದಲ್ಲಿ ಅದು 7 ಇಂಚಿನಿಂದ 14 ಇಂಚಿನವರೆಗೆ. ಒಂದು ಗಿಡ್ಡ ನಾಯಿ ಇದ್ದರೆ ಉಳಿದ ಮೂರಕ್ಕೂ ಬೇಲಿ ಹಗುರ. ಊಟಕ್ಕೆ ಹೋದಾಗ ಖಾರ ತಿನ್ನದ ಒಬ್ಬ ಜೊತೆಗಿದ್ದರೆ ಎಲ್ಲರಿಗೂ ಸಪ್ಪೆ ಸಾರು ಬಂದಂತೆ.

ಪೆಟ್ಟಿಗೆ ಕೊಳ್ಳುವ ಮಾತು ಬಿಡಿ. ಮೊದಲ ಎರಡು ತಿಂಗಳು ಪೆಟ್ಟಿಗೆಯೇ ಬೇಡ. ಇದನ್ನು ನಾನು ದುಡ್ಡು ಕೊಟ್ಟು ಕಲಿತಿದ್ದೇನೆ. ಊರಿಗೆ ಬಂದ ಹೊಸತರಲ್ಲಿ ಹುರುಪಿನಿಂದ ಒಬ್ಬ ಬಡಿಗರ ಹತ್ತಿರ ಹೋದೆ. ಪ್ಲೈವುಡ್ ಹಲಗೆ, ಕಬ್ಬಿಣದ ಗೇಟಿಗೆ ಹಾಕುವ ಸ್ಪ್ರಿಂಗು, ಎಲ್ಲ ಸೇರಿ 4,200 ರೂಪಾಯಿ. ಸ್ಪ್ರಿಂಗು ಗಟ್ಟಿ ಇರಲಿ ಅಂದವನು ನಾನೇ. ನಮ್ಮ ನಾಯಿ ಗುಂಡ ಹಲಗೆ ಮೇಲೆ ಕಾಲಿಟ್ಟ, ಚೆಂಡು ಅವನ ತಲೆ ಮೇಲಿಂದ ಹಾರಿ ಹಿಂದಿನ ಮನೆಯ ತಗಡಿನ ಮೇಲೆ ಬಿತ್ತು. ಢಣ್ ಅಂತ ಸದ್ದು. ಗುಂಡ ಮಂಚದ ಕೆಳಗೆ. ಆಮೇಲೆ ಮೂರು ವಾರ ಆ ಪೆಟ್ಟಿಗೆ ಇಟ್ಟ ಅಂಗಳಕ್ಕೇ ಕಾಲಿಡಲಿಲ್ಲ. ಚೆಂಡು ಹಾರಬಾರದು, ನಾಯಿಯ ಬಾಯಿಗೆ ಜಿಗಿಯಬೇಕು, ಅಷ್ಟೇ. ಈಗ ಮೆತ್ತನೆ ಸ್ಪ್ರಿಂಗು ಹಾಕಿಸಿದ್ದೇನೆ. ಪೆಟ್ಟಿಗೆ ಜಾರದ ಹಾಗೆ ಹಿಂದೆ ಎರಡು ಮರಳಿನ ಚೀಲ.

ಮೊದಲು ಕಲಿಸಬೇಕಾದ್ದು ಒಂದೇ: ಕರೆದರೆ ಬರುವುದು. ಹಾಗೂ ಹೀಗೂ ಬರುವುದಲ್ಲ, ಜೀವ ಹೋದ ಹಾಗೆ ಓಡಿ ಬರುವುದು. ನಿಮ್ಮ ಮಗ ಚಿಗರಿಯ ಎದೆ ಹಿಡಿದು ನಿಲ್ಲಲಿ. ನೀವು ಅದರ ಮುಂದೆ ಹಗ್ಗದ ಗೊಂಡೆ ಕುಣಿಸಿ, ಹೆಸರು ಕೂಗುತ್ತ ಆ ಕಡೆ ಓಡಿ. ಬಿಟ್ಟ ಕೂಡಲೇ ಅದು ಬಂದು ಗೊಂಡೆ ಕಚ್ಚಬೇಕು, ನೀವು ಜಗ್ಗಾಟ ಆಡಬೇಕು. ಇದು ಚಟ ಆದ ಮೇಲೆ ನಡುವೆ ಒಂದು ಬೇಲಿ. ಯಾವ ಬೇಲಿ? ಮನೆಗೆ ಹತ್ತಿರದ್ದು, ಅಂದರೆ ವಾಪಸ್ ಬರುವಾಗ ಕೊನೆಗೆ ಹಾರುವಂಥದ್ದು. ಅದು ಬಂದ ಮೇಲೆ ಅದರ ಹಿಂದಿನದು, ಮತ್ತೆ ಅದರ ಹಿಂದಿನದು. ಹೀಗೆ ಆಟವನ್ನು ಬಾಲದಿಂದ ತಲೆಗೆ ಕಲಿಸುವುದು. ನಾಯಿಗೆ ಯಾವಾಗಲೂ ಮುಂದಿರುವುದು ಗೊತ್ತಿರುವ ದಾರಿ, ಹೊಸದು ಬರುವುದು ಹಿಂದಿನಿಂದ. ಹಾಗಾಗಿ ಹೆದರುವುದಿಲ್ಲ. ನಾವು ಮೊದಲು ಉಲ್ಟಾ ಮಾಡಿ, ಗುಂಡನಿಗೆ ಹೋಗುವುದು ಕಲಿಸಿದ್ದೆವು. ಹೋಗುತ್ತಿದ್ದ. ಬರುತ್ತಿರಲಿಲ್ಲ.

ಪೆಟ್ಟಿಗೆಯ ಬದಲು ಈಗ ಒಂದು ಹಲಗೆಯನ್ನು ಗೋಡೆಗೆ ಓರೆಯಾಗಿ ಒರಗಿಸಿ, ಮೇಲೆ ರಬ್ಬರ್ ಮ್ಯಾಟ್ ಅಂಟಿಸಿ. ಈಜುವವರು ಕೊಳದ ಕೊನೆಯಲ್ಲಿ ಗೋಡೆಗೆ ಒದ್ದು ತಿರುಗುತ್ತಾರಲ್ಲ, ನಾಯಿ ಹಾಗೆ ನಾಲ್ಕೂ ಕಾಲು ಅಡ್ಡಡ್ಡ ಊರಿ ತಿರುಗಬೇಕು. ಎದುರಾಎದುರು ಹೋಗಿ ಮುಂಗಾಲು ಗುದ್ದಿದರೆ ಮಣಿಕಟ್ಟು, ಭುಜ ಎರಡೂ ಹಾಳು. ಹಲಗೆಯ ಮುಂದೆ ಒಂದು ಗಿಡ್ಡ ಅಡ್ಡಪಟ್ಟಿ ಇಟ್ಟರೆ ಅದನ್ನು ಹಾರುವ ನೆಪದಲ್ಲಿ ಕಾಲು ತಾನೇ ಮೇಲೆ ಬೀಳುತ್ತವೆ. ಅದು ಬರೋಬ್ಬರಿ ಆದ ಮೇಲೆ ಚೆಂಡನ್ನು ವೆಲ್ಕ್ರೋ ಹಚ್ಚಿ ಹಲಗೆಗೆ ಅಂಟಿಸಿ. ಸ್ಪ್ರಿಂಗು ಪೆಟ್ಟಿಗೆ ಎಲ್ಲಕ್ಕಿಂತ ಕೊನೆಗೆ.

ಜಾಗದ ವಿಷಯ ನಮ್ಮ ಕಡೆಯವರು ಗಮನ ಇಡಬೇಕಾದ್ದು. ಹುಬ್ಬಳ್ಳಿಯಿಂದ ನವಲಗುಂದದ ಕಡೆಗೆ ಎಲ್ಲ ಎರೆ ಮಣ್ಣು. ಬೇಸಿಗೆಯಲ್ಲಿ ಆ ಮಣ್ಣು ಬಾಯಿ ಬಿಡುತ್ತದೆ. ಬಿರುಕಿನಲ್ಲಿ ಓಡುವ ನಾಯಿಯ ಕಾಲು ಸಿಕ್ಕರೆ ಮುಗಿಯಿತು. ಮಳೆ ಬಂತೋ, ಪ್ರತಿ ಪಾದಕ್ಕೂ ಒಂದೊಂದು ಕಿಲೋ ಕೆಸರು. ನಾವು ಅದಕ್ಕೇ ಧಾರವಾಡದ ಪಡುವಣ ಮಗ್ಗುಲಿಗೆ, ಕೆಲಗೇರಿ ಆಚೆ, ಗೆಳೆಯರೊಬ್ಬರ ಕೆಂಪು ಮಣ್ಣಿನ ಬಯಲಿಗೆ ಹೋಗುತ್ತೇವೆ. ಕಲ್ಲು ಆರಿಸಲು ಮೂರು ಭಾನುವಾರ ಬೇಕಾದವು.

ಕೊನೆಗೆ ನಿಮ್ಮ ಪಕ್ಕದ ಮನೆಯ ಮುಧೋಳ. ಅವರಿಗೆ ಬೇಸರ ಆಗದ ಹಾಗೆ ನೀವೇ ಹೇಳಬೇಕು. ನಮ್ಮ ತಂಡದಲ್ಲೂ ಒಂದು ಮುಧೋಳ ಇತ್ತು, ಬಾಣ ಅಂತ. ಓಟ ಅಂದರೆ ಓಟ. ಆದರೆ ಅದು ಕಣ್ಣಿನಿಂದ ಬೇಟೆಯಾಡುವ ನಾಯಿ. ಚಲಿಸುವುದು ಕಂಡರೆ ಬೆನ್ನು ಹತ್ತುತ್ತದೆ. ನಿಂತ ಚೆಂಡಿಗೂ ಅದಕ್ಕೂ ಸಂಬಂಧವೇ ಇಲ್ಲ. ಪೆಟ್ಟಿಗೆವರೆಗೆ ಹೋಗುತ್ತಿತ್ತು, ಚೆಂಡು ಹಿಡಿಯುತ್ತಿತ್ತು, ಉಗುಳುತ್ತಿತ್ತು, ನಮ್ಮನ್ನು ನೋಡುತ್ತಿತ್ತು. "ನಿಮಗೆ ಬೇಕಾದರೆ ನೀವೇ ಬಂದು ತಗೊಳ್ಳಿ" ಅನ್ನುವ ಮುಖ. ಒಂದು ಭಾನುವಾರ ಬಯಲಿನ ಅಂಚಿಗೆ ಕುರಿ ಹಿಂಡು ಬಂತು. ಬಾಣ ಹೊರಟೇಬಿಟ್ಟಿತು. ನಾವು ನಾಲ್ಕು ಜನ ಹಿಂದೆ. ಪುಣ್ಯಕ್ಕೆ ಕುರಿಗೆ ಏನೂ ಆಗಲಿಲ್ಲ. ಕುರಿ ಕಾಯುವ ಅಜ್ಜ ಒಂದು ಸೀಟಿ ಹೊಡೆದ. ಅವನ ನಾಯಿ ಎಲ್ಲಿತ್ತೋ, ಬಂದು ಕಾಲ ಬುಡದಲ್ಲಿ ಕೂತಿತು. ಅಜ್ಜ ನಮ್ಮ ಬೇಲಿ, ಪೆಟ್ಟಿಗೆ, ಟೇಪು ಎಲ್ಲ ನೋಡಿ ಹೇಳಿದ: "ಇದೆಲ್ಲಾ ಆಮ್ಯಾಲ. ಮೊದಲ ಕರದ್ರ ಬರೂದ ಕಲಸ್ರಿ." ಇಂಗ್ಲೆಂಡಿನಲ್ಲಿ ಆ ಯಜಮಾನಿ ನನಗೆ ಹೇಳುತ್ತಿದ್ದದ್ದೂ ಅದೇ. ನಾನು ಮಾತ್ರ ನಡುವೆ 4,200 ಖರ್ಚು ಮಾಡಿದ್ದೆ.

ಈಗ ತಂಡದಲ್ಲಿ ಉಳಿದಿರುವುದು ಎರಡೇ ನಾಯಿ. ಗುಂಡ, ಮತ್ತೆ ಲೈನ್ ಬಜಾರ್ ಕಡೆಯ ಒಬ್ಬರ ರಾಜಿ. ಮೂರನೆಯವರಿಗೆ ಬೆಳಗಾವಿಗೆ ವರ್ಗ ಆಯಿತು. ಬಾಣ ರಾಜೀನಾಮೆ ಕೊಟ್ಟಿದೆ. ಭಾನುವಾರ ಮುಂಜಾನೆ ಆರಕ್ಕೆ ಬನ್ನಿ. ಜಾಗದ ಗುರುತು ಮೆಸೇಜಿನಲ್ಲಿ ಕಳಿಸುತ್ತೇನೆ.

ಏಲಕ್ಕಿ_ಹಾರ (ಹಾವೇರಿ)

ಮುಧೋಳದ ಬಗ್ಗೆ ಇಷ್ಟು ಹಗುರವಾಗಿ ಮಾತಾಡಬೇಡಿ ಸರ್. ನಮ್ಮದೂ ಮುಧೋಳವೇ. ಮುಧೋಳದ ಹತ್ತಿರದ ಒಂದು ಹಳ್ಳಿಯಿಂದ ತಂದದ್ದು. 2005ರಲ್ಲಿ ಅಂಚೆ ಚೀಟಿ ಮೇಲೆ ಬಂದ ತಳಿ ಇದು. ತಿಮ್ಮಾಪುರದಲ್ಲಿ ಇದಕ್ಕೆಂದೇ ಸಂಶೋಧನಾ ಕೇಂದ್ರ ಇದೆ. ಸೈನ್ಯದವರೂ ಮರಿಗಳನ್ನು ಮೀರತ್‌ಗೆ ತರಿಸಿಕೊಂಡು ತರಬೇತಿ ಕೊಟ್ಟಿದ್ದಾರೆ. ಚೆಂಡು ತರುವುದಿಲ್ಲ ಅಂದರೆ ಕಲಿಸುವವರದ್ದೂ ತಪ್ಪಿರಬಹುದು ಅಲ್ವಾ?

ನಾವು ಚೆಂಡಿನ ಬದಲು ಮೊಲದ ಚರ್ಮದ ಥರ ಕಾಣುವ ಒಂದು ತುಪ್ಪಳದ ತುಂಡನ್ನು ಹಗ್ಗಕ್ಕೆ ಕಟ್ಟಿ ಎಳೆದೆವು. ಅದರ ಬೆನ್ನು ಹತ್ತಿ ಬೇಲಿಗಳನ್ನು ಸರಾಗ ಹಾರುತ್ತದೆ. ಆಮೇಲೆ ಆ ತುಪ್ಪಳವನ್ನೇ ಚೆಂಡಿಗೆ ಸುತ್ತಿ ಕೊಟ್ಟೆವು. ಆರು ತಿಂಗಳಾಯಿತು. ಈಗ ಹತ್ತರಲ್ಲಿ ಆರು ಸಲ ತರುತ್ತದೆ. ಉಳಿದ ನಾಲ್ಕು ಸಲ ಏನಾಗುತ್ತದೆ ಅಂತ ಕೇಳಬೇಡಿ.

ಸಪ್ತಾಪುರದವ (ಧಾರವಾಡ)

ಹತ್ತರಲ್ಲಿ ಆರು! ತಪ್ಪಾಯಿತು, ಒಪ್ಪಿದೆ. ತುಪ್ಪಳದ ಉಪಾಯ ನನಗೆ ಹೊಳೆದೇ ಇರಲಿಲ್ಲ. ಬಾಣನ ಮಾಲೀಕರಿಗೆ ಈಗಲೇ ಫೋನ್ ಮಾಡುತ್ತೇನೆ. ಆದರೆ ಹೊಸಬರಿಗೆ ಆರು ತಿಂಗಳ ತಾಳ್ಮೆ ಇರುವುದಿಲ್ಲ, ಹಾಗಾಗಿ ಮುಧೋಳದಿಂದ ಶುರು ಮಾಡಿ ಅಂತ ನಾನು ಈಗಲೂ ಹೇಳಲಾರೆ. ಚೆಂಡಿನ ಹುಚ್ಚು ಮೊದಲೇ ಇರುವ ಚಿಗರಿಯಂಥದ್ದು ಸಿಕ್ಕರೆ ಅರ್ಧ ಕೆಲಸ ಆದಂತೆ.

ಗದಗ_ದನದ_ಡಾಕ್ಟರ್ (ಗದಗ)

ಹೆಸರು ದನದ ಡಾಕ್ಟರ್ ಅಂತ ಇದ್ದರೂ ನಾಯಿ ನೋಡುತ್ತೇನೆ. ಆಟ ಚೆನ್ನಾಗಿದೆ. ಸ್ವಲ್ಪ ಬ್ರೇಕ್ ಹಾಕುವುದು ನನ್ನ ಕೆಲಸ.

ಚಿಗರಿಗೆ ಎರಡು ವರ್ಷ, ಸರಿ. ಆದರೆ ಇದನ್ನು ಓದಿ ಯಾರೂ ಆರು ತಿಂಗಳ ಮರಿಯನ್ನು ಬೇಲಿ ಹಾರಿಸಬೇಡಿ. ಮರಿಯ ಎಲುಬಿನ ತುದಿಯಲ್ಲಿ ಬೆಳೆಯುವ ಮೆತ್ತನೆ ಭಾಗ ಇರುತ್ತದೆ. ನಡುಗಾತ್ರದ ನಾಯಿಯಲ್ಲಿ ಸುಮಾರು ವರ್ಷಕ್ಕೆ, ದೊಡ್ಡ ತಳಿಯಲ್ಲಿ ಒಂದೂವರೆ ವರ್ಷದ ಹೊತ್ತಿಗೆ ಅದು ಗಟ್ಟಿಯಾಗುತ್ತದೆ. ಅದಕ್ಕೆ ಮೊದಲು ಜೋರಾಗಿ ನೆಗೆದರೆ, ಪೆಟ್ಟಿಗೆಗೆ ಗುದ್ದಿದರೆ ಕಾಲು ಸೊಟ್ಟ ಬೆಳೆಯಬಹುದು. ಮರಿಗೆ ಕರೆದರೆ ಬರುವುದು, ಜಗ್ಗಾಟ, ನೆಲದ ಮೇಲೆ ಚಪ್ಪಟೆ ಇಟ್ಟ ಕೋಲು ದಾಟುವುದು, ಇಷ್ಟು ಸಾಕು.

ಬಿಸಿಲಿನ ಮಾತು ಇನ್ನೂ ಮುಖ್ಯ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ತೇಕಿಯೇ ತಂಪಾಗಬೇಕು. ಚೆಂಡಿನ ಹುಚ್ಚಿರುವ ನಾಯಿ ತಾನಾಗಿ ನಿಲ್ಲುವುದೂ ಇಲ್ಲ. ಅದರ ಮೈ ಸಹಜವಾಗಿ 38ರಿಂದ 39 ಡಿಗ್ರಿ ಇರುತ್ತದೆ. 41 ದಾಟಿದರೆ ಜೀವಕ್ಕೇ ಅಪಾಯ. ನಾಲಿಗೆ ಕಡು ಕೆಂಪಾಗಿ ಅಗಲವಾಗಿ ಜೋತು ಬಿದ್ದರೆ, ಜೊಲ್ಲು ಅಂಟಾದರೆ, ಹಿಂಗಾಲು ತೂರಾಡಿದರೆ ಆಟ ಬಂದ್. ನೆರಳಿಗೆ ಒಯ್ದು ಹೊಟ್ಟೆ, ತೊಡೆ ಸಂದು, ಪಾದಕ್ಕೆ ನೀರು ಹಾಕಿ, ಗಾಳಿ ಬೀಸಿ, ದಾರಿಯಲ್ಲೂ ತಂಪು ಮಾಡುತ್ತಲೇ ಡಾಕ್ಟರ್ ಹತ್ತಿರ ಹೋಗಿ. ಒದ್ದೆ ಟವೆಲ್ ಹೊದಿಸಿ ಹಾಗೇ ಬಿಡಬೇಡಿ, ಬಿಸಿ ಒಳಗೇ ಉಳಿಯುತ್ತದೆ. ಮಾರ್ಚಿನಿಂದ ಮೇವರೆಗೆ ನಮ್ಮ ಕಡೆ ಬೆಳಿಗ್ಗೆ ಎಂಟರ ಮೇಲೆ ಬೇಡವೇ ಬೇಡ.

ಮತ್ತೆ ಟೆನಿಸ್ ಚೆಂಡು. ಅದರ ಮೇಲಿನ ಬಟ್ಟೆಗೆ ಧೂಳು ಹತ್ತಿ ಉಪ್ಪುಕಾಗದದ ಹಾಗಾಗುತ್ತದೆ. ತರಲಿ, ಕೊಡಲಿ, ಆಮೇಲೆ ಚೆಂಡು ನಿಮ್ಮ ಜೇಬಿಗೆ. ದಿನವಿಡೀ ಅಗಿಯಲು ಬಿಟ್ಟರೆ ಹಲ್ಲು ಸವೆಯುತ್ತವೆ. ಬಯಲಿಂದ ಬಂದ ಮೇಲೆ ಕಿವಿ, ಬೆರಳ ಸಂದಿಯಲ್ಲಿ ರಕ್ತ ಹೀರುವ ಉಣ್ಣೆ ಹುಳ ಹುಡುಕಿ. ಉಣ್ಣೆ ಜ್ವರ ನಾನು ವಾರಕ್ಕೆ ಎರಡಾದರೂ ನೋಡುತ್ತೇನೆ.

ಹಾವೇರಿಯವರಿಗೆ ಒಂದು ಮಾತು: ಮುಧೋಳದ ಚರ್ಮ ತೆಳು. ಪೈಪಿನ ಬೇಲಿ ಮಾಡಿದ್ದರೆ ತುದಿಗೆ ಮುಚ್ಚಳ ಹಾಕಿ. ಒಡೆದ ಪೈಪಿಗೆ ತಾಗಿ ತೊಡೆ ಹರಿದುಕೊಂಡ ಒಂದಕ್ಕೆ ನಾನು 14 ಹೊಲಿಗೆ ಹಾಕಿದ್ದೇನೆ.

ಕೇಶ್ವಾಪುರ_ಕಟ್ಟೆ (ಹುಬ್ಬಳ್ಳಿ)

ಮಳೆಗಾಲದಲ್ಲಿ ಏನು ಮಾಡ್ತೀರಿ? ನನ್ನದೊಂದು ಐಡಿಯಾ. ಆಷಾಢದಲ್ಲಿ ಮದುವೆ ಇಲ್ಲ, ಮಂಗಲ ಕಾರ್ಯಾಲಯಗಳು ಖಾಲಿ. 51 ಅಡಿ ಏನು, 100 ಅಡಿ ಹಾಲ್ ಇದ್ದಾವೆ. ಬಾಡಿಗೆಯೂ ಕಮ್ಮಿಗೆ ಕೊಡುತ್ತಾರೆ.

ಸಪ್ತಾಪುರದವ (ಧಾರವಾಡ)

ನಗುತ್ತಿದ್ದೇನೆ, ಯಾಕಂದ್ರೆ ಇದನ್ನು ನಾವು ಹೋದ ಆಷಾಢದಲ್ಲೇ ಮಾಡಿ ಕೆಟ್ಟಿದ್ದೇವೆ. ಹಾಲ್ ಸಿಕ್ಕಿತು. ನೆಲ ಮಾತ್ರ ಕನ್ನಡಿಯಂಥ ಟೈಲ್ಸು. ಮ್ಯಾನೇಜರ್ ಒಳ್ಳೆಯ ಮನುಷ್ಯ, ಜಮಖಾನೆ ಹಾಸಿ ಕೊಟ್ಟರು. ರಾಜಿ ಓಡಿ ಬಂದು ಬೇಲಿ ಹಾರಿ ಇಳಿದಳು, ಜಮಖಾನೆ ಸಮೇತ ಜಾರುತ್ತ ಹೋಗಿ ವಧೂವರರ ವೇದಿಕೆಗೆ ಮುಟ್ಟಿದಳು. ನಾಲ್ಕು ದಿನ ಕುಂಟಿದಳು. ಇಂಗ್ಲೆಂಡಿನ ಕ್ಲಬ್ಬುಗಳು ಒಳಾಂಗಣದಲ್ಲಿ ಆಡಿಸುವಾಗ ಉದ್ದಕ್ಕೂ ದಪ್ಪ ರಬ್ಬರ್ ಮ್ಯಾಟ್ ಹಾಸುತ್ತವೆ. ಅಷ್ಟು ಮ್ಯಾಟ್ ನಮ್ಮ ಹತ್ತಿರ ಇಲ್ಲ. ಹಾಗಾಗಿ ಮಳೆಗಾಲದಲ್ಲಿ ಬೇಲಿ ಬಂದ್. ಮನೆಯ ಪಡಸಾಲೆಯಲ್ಲಿ ಗೋಣಿ ತಾಟು ಹಾಸಿ ಹಲಗೆ ತಿರುವು ಮಾತ್ರ.

ಗದಗ_ದನದ_ಡಾಕ್ಟರ್ (ಗದಗ)

ನಾಲ್ಕೇ ದಿನಕ್ಕೆ ಮುಗಿದದ್ದು ಪುಣ್ಯ. ಹಾಗೆ ಜಾರಿ ಮೊಣಕಾಲಿನ ಒಳಗಿನ ನಾರು ಹರಿದರೆ ಆಪರೇಷನ್ನೇ ಗತಿ.

ಚಿಗರಿ_ಅವ್ವ (ಹುಬ್ಬಳ್ಳಿ)

ನಾಲ್ಕು ವಾರದ ನಂತರ ಬರೆಯುತ್ತಿದ್ದೇನೆ. ಎಲ್ಲರ ಉತ್ತರಕ್ಕೂ ಭಾಳ ಥ್ಯಾಂಕ್ಸ್.

ಮೂರು ಭಾನುವಾರ ಹೋಗಿ ಬಂದೆವು. ಐದಕ್ಕೆ ಏಳುವುದು ನನಗೆ ಕಷ್ಟ, ಮಗನಿಗೆ ಇನ್ನೂ ಕಷ್ಟ. ಶಾಲೆಗೆ ಏಳದವನು ಚಿಗರಿಗಾಗಿ ಏಳುತ್ತಾನೆ, ಇದರ ಮೇಲೆ ನನಗೆ ಸ್ವಲ್ಪ ಸಿಟ್ಟೂ ಇದೆ.

ಮೊದಲ ವಾರ ಚಿಗರಿ ಬೇಲಿಯನ್ನು ಹಾರಲೇ ಇಲ್ಲ, ಪಕ್ಕದಿಂದ ಸುತ್ತಿ ಬಂತು. ಜಾಣತನ ಅಂತ ನಾನು ಹೇಳಿದೆ. ಎರಡೂ ಪಕ್ಕ ಹಸಿರು ಬಲೆ ಕಟ್ಟಿದ ಮೇಲೆ ಬೇರೆ ದಾರಿ ಇಲ್ಲದೆ ಹಾರಿತು. ಎರಡನೇ ವಾರಕ್ಕೆ ಎರಡು ಬೇಲಿ. ಮೂರನೇ ವಾರ ಬಲೆ ಬಿಚ್ಚಿದರೂ ನಾಲ್ಕೂ ಹಾರಿ ಬಂದು ನನ್ನ ಕೈಯಲ್ಲಿದ್ದ ಗೊಂಡೆಗೆ ಜೋತು ಬಿತ್ತು. ಗೊಂಡೆ ಅಂದರೆ ನಮ್ಮ ಅತ್ತೆಯ ಹಳೆಯ ಇಳಕಲ್ ಸೀರೆಯ ಸೆರಗನ್ನು ಜಡೆ ಹೆಣೆದದ್ದು. ಅತ್ತೆಗೆ ಇನ್ನೂ ಹೇಳಿಲ್ಲ.

ನಿಜವಾದ ಕಷ್ಟ ಎದುರು ನಾಯಿ. ಇದನ್ನು ಯಾರೂ ನನಗೆ ಸರಿಯಾಗಿ ಹೇಳಿರಲಿಲ್ಲ (ಸಪ್ತಾಪುರದವರೇ, ಅಷ್ಟುದ್ದ ಬರೆದು ಇದೊಂದೇ ಬಿಟ್ಟಿದ್ದೀರಿ). ಗೆರೆ ಹತ್ತಿರ ಒಂದು ಬರುತ್ತಿರುತ್ತದೆ, ಇನ್ನೊಂದು ಹೋಗುತ್ತಿರುತ್ತದೆ. ಎರಡೂ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ದಾಟಬೇಕು. ಓಣಿಯಲ್ಲಿ ಬೆಳೆದ ನಾಯಿಗೆ ಎದುರಿನಿಂದ ಇನ್ನೊಂದು ನಾಯಿ ಓಡಿ ಬಂದರೆ ಅರ್ಥ ಒಂದೇ: ಜಗಳ. ಚಿಗರಿ ಚೆಂಡು ಉಗುಳಿ ಗುಂಡನ ಕಡೆ ತಿರುಗಿತು. ಗುಂಡ ಒಳ್ಳೆಯವನು, ಬಾಲ ಮುದುರಿ ನಿಂತ.

ಹಾಗಾಗಿ ಈಗ ನಡುವೆ ಆ ಹಸಿರು ಬಲೆಯನ್ನೇ ಉದ್ದಕ್ಕೆ ಕಟ್ಟಿ, ಎರಡನ್ನೂ ಹದಿನೈದು ಅಡಿ ದೂರದಲ್ಲಿ ಓಡಿಸುತ್ತೇವೆ. ಪ್ರತಿ ಸಲ ಒಂದೆರಡು ಅಡಿ ಹತ್ತಿರ. ಹೋದ ಭಾನುವಾರ ಹತ್ತು ಅಡಿಗೆ ಬಂದೆವು. ಚಿಗರಿ ಗುಂಡನ ಕಡೆ ಕಣ್ಣು ಹಾಯಿಸಿತು, ಚೆಂಡು ಬಿಡಲಿಲ್ಲ. ಮಗ ಕುಣಿದಾಡಿದ್ದು ನೋಡಿ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವರು ನಿಂತು ಏನು ಸಿಕ್ಕಿತು ಅಂತ ಕೇಳಿದರು.

ಮನೆಯಲ್ಲೂ ಫರಕು ಕಾಣುತ್ತದೆ. ಸಂಜೆ ಕ್ರಿಕೆಟ್ ನಡೆಯುವಾಗ ಗೇಟಿನ ಒಳಗೆ ಕೂತು ನೋಡುತ್ತದೆ. ಚೆಂಡು ಒಳಗೆ ಬಂದರೆ ಮಾತ್ರ ಅದರದ್ದು. ಹುಡುಗರಿಗೂ ಆ ನಿಯಮ ಒಪ್ಪಿಗೆ.

ಈಗ ಗುಂಡ, ರಾಜಿ, ಚಿಗರಿ ಮೂರಾದವು. ನಾಲ್ಕನೆಯದು ಬೇಕು. ಗಿಡ್ಡ ನಾಯಿ ಆದರೆ ತುಂಬಾ ಒಳ್ಳೆಯದು, ನಮ್ಮ ಮೂರಕ್ಕೂ ಬೇಲಿ ಇಳಿಯುತ್ತದೆ. ನಮ್ಮ ಆಫೀಸಿನವರ ಹತ್ತಿರ ಒಂದು ಡ್ಯಾಶ್‌ಹೌಂಡ್ ಇದೆ. ಕೇಳಲಾ?

ಗದಗ_ದನದ_ಡಾಕ್ಟರ್ (ಗದಗ)

ಡ್ಯಾಶ್‌ಹೌಂಡ್ ಬೇಡ. ಉದ್ದ ಬೆನ್ನು, ಬೆನ್ನುಹುರಿಯ ತೊಂದರೆ ಆ ತಳಿಗೆ ಮೊದಲೇ ಜಾಸ್ತಿ. ಬಂದು ಕೂತು ನೋಡಲಿ.

ಏಲಕ್ಕಿ_ಹಾರ (ಹಾವೇರಿ)

ನಮ್ಮ ಮುಧೋಳ ಈಗ ಹತ್ತರಲ್ಲಿ ಏಳು. ಗಿಡ್ಡ ಅಲ್ಲ, ಗೊತ್ತು. ಸುಮ್ನೆ ಹೇಳಿದೆ.

ಕೇಶ್ವಾಪುರ_ಕಟ್ಟೆ (ಹುಬ್ಬಳ್ಳಿ)

ನಮ್ಮ ಅಜ್ಜಿಯ ಹತ್ತಿರ ಒಂದು ಪಾಮೇರಿಯನ್ ಇದೆ. ಮೂರು ವರ್ಷ, ಐದು ಕಿಲೋ, ಕೆಟ್ಟ ಸಿಟ್ಟು. ಲ್ಯಾಬ್ರಡಾರಿನ ಬಾಯಿಂದ ಚೆಂಡು ಕಿತ್ತುಕೊಂಡು ಅಜ್ಜಿಯ ದೇವರ ಮನೆಯಲ್ಲಿ ಬಚ್ಚಿಡುತ್ತದೆ. ನಿನ್ನೆ ತಿಂಗಳ ಲೆಕ್ಕ ಎಣಿಸಿದೆ, ದೇವರ ಹಿಂದೆ ಒಂಬತ್ತು ಚೆಂಡು ಸಿಕ್ಕವು. ಅಜ್ಜಿ ಒಪ್ಪಿದ್ದಾರೆ, ಆದರೆ ತಾವೂ ಬರುತ್ತಾರಂತೆ, ಕುರ್ಚಿ ಬೇಕಂತೆ. ಭಾನುವಾರ ಆರಕ್ಕೇ ಬರಬೇಕಾ, ಆರೂವರೆ ಆದರೆ ನಡೆಯುತ್ತದಾ?